ಮಗಳು ಸ್ಟುಟ್‌ಗಾರ್ಟ್‌ನಲ್ಲಿ, ಇಂಟರ್‌ನೆಟ್ ವಿಜಯನಗರದ್ದು: ನನ್ನ ಅನುಭವ

ಮನೆಯಲ್ಲೇ ಸರ್ವರ್ ಇಟ್ಟು ನಡೆಸಬಹುದು ಅಂತ ಅಳಿಯಂದಿರು ಕೊನೆಗೂ ಒಪ್ಪಿಕೊಂಡರು. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಅವರು ಸಾಫ್ಟ್‌ವೇರ್ ಇಂಜಿನಿಯರ್. ನಾನು ದೂರವಾಣಿನಗರದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಟೆಸ್ಟಿಂಗ್ ಮಾಡಿ ನಿವೃತ್ತನಾದವನು. "ಮಾವ, ಮನೇಲಿ ಸರ್ವರ್ ಇಟ್ಕೊಂಡ್ರೆ ದಿನಾ ತಲೆನೋವು. ಕರೆಂಟ್ ಹೋಗುತ್ತೆ, ರೂಟರ್ ಹ್ಯಾಂಗ್ ಆಗುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ?" ಅಂದಿದ್ದರು. ಸರ್ವರ್ ಅಂದರೆ ಇಲ್ಲಿ ಸದಾ ಓಡುವ ಒಂದು ಚಿಕ್ಕ ಕಂಪ್ಯೂಟರ್, ಹೊರದೇಶದಲ್ಲಿರುವ ಮಗಳ ಇಂಟರ್‌ನೆಟ್ ಅದರ ಮೂಲಕ ಹಾಯುತ್ತದೆ. ಕಳೆದ ಮಳೆಗಾಲ ಪೂರ್ತಿ ಅದು ನಿಲ್ಲದೆ ಓಡಿದೆ. ಮಗಳು ಸ್ಟುಟ್‌ಗಾರ್ಟ್‌ನಲ್ಲಿ ಕೂತು ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಐಪಿಯಿಂದ (ಇಂಟರ್‌ನೆಟ್ ವಿಳಾಸದಿಂದ) ಬ್ಯಾಂಕಿನ ಕೆಲಸ ಮುಗಿಸುತ್ತಾಳೆ.

ಮಕ್ಕಳು ಹೊರದೇಶದಲ್ಲಿ ಇರುವವರಿಗೆ ಈ ಗೋಳು ಗೊತ್ತು. ಕೆಲವು ಸರ್ಕಾರಿ ವೆಬ್‌ಸೈಟ್‌ಗಳು ಹೊರಗಿನ ಐಪಿಗೆ ತೆರೆಯುವುದೇ ಇಲ್ಲ. ಒಂದು ಬ್ಯಾಂಕಿನ ಪೋರ್ಟಲ್ ಅರ್ಧಕ್ಕೆ ಲಾಗೌಟ್ ಮಾಡುತ್ತದೆ. ಏಪ್ರಿಲ್‌ನೊಳಗೆ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಆದರೆ ಪೇಮೆಂಟ್ ಪುಟ ಅಲ್ಲಿಂದ ಬರಲ್ಲ. ಇದರ ಮೇಲೆ ಬಾಣಂತನಕ್ಕೆ ಅಂತ ಹೋದ ನನ್ನ ಹೆಂಡತಿಗೆ ಸಂಜೆ ಧಾರಾವಾಹಿ ಬೇಕು. ನಿಜ ಹೇಳಬೇಕೆಂದರೆ ಕೆಲಸಕ್ಕೆ ವೇಗ ಬಂದಿದ್ದು ಆ ಕಾರಣಕ್ಕೇ.

ಮೊದಲ ದುಡ್ಡು ಹೋಗಿದ್ದು ಒಂದು ವಿಪಿಎನ್ ಕಂಪನಿಗೆ, ಅಂದರೆ ನಮ್ಮ ಇಂಟರ್‌ನೆಟ್ಟನ್ನು ಬೇರೆ ಊರಿನ ಸರ್ವರ್ ಮೂಲಕ ಹಾಯಿಸುವವರಿಗೆ. ಎರಡು ವರ್ಷದ ಪ್ಲಾನ್, ಐದು ಸಾವಿರದ ಮೇಲೆ. ಪಟ್ಟಿಯಲ್ಲಿ ಭಾರತದ ಬಾವುಟ ಇತ್ತು, ಸರ್ವರ್ ಮಾತ್ರ ಇಲ್ಲಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಬಂತಲ್ಲ, ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು ಅಂತ, ಆಮೇಲೆ ದೊಡ್ಡ ದೊಡ್ಡ ವಿಪಿಎನ್ ಕಂಪನಿಗಳು ಸರ್ವರ್‌ಗಳನ್ನು ಇಲ್ಲಿಂದ ಎತ್ತಿಕೊಂಡು ಹೋದವು. ಈಗ ಅವು ಕೊಡುವ 'ಭಾರತ' ಬಹಳ ಸಲ ಸಿಂಗಪುರದಲ್ಲೋ ಲಂಡನ್‌ನಲ್ಲೋ ಕೂತಿರುತ್ತದೆ, ಐಪಿ ಮಾತ್ರ ಇಲ್ಲಿನದು. ಅಂಥ ಐಪಿಗಳನ್ನು ಬ್ಯಾಂಕುಗಳೂ ಒಟಿಟಿಗಳೂ ಚೆನ್ನಾಗಿ ಗುರುತಿಸುತ್ತವೆ.

ಎರಡನೆಯದು ಅಳಿಯಂದಿರ ಐಡಿಯಾ: ಮುಂಬೈಯಲ್ಲಿ ಬಾಡಿಗೆಗೆ ಒಂದು ಕ್ಲೌಡ್ ಸರ್ವರ್. ತಿಂಗಳಿಗೆ ನಾಲ್ಕೈದು ನೂರು. ವೇಗ ಬೊಂಬಾಟ್. ಆದರೆ ಅದು ಮನೆಯದಲ್ಲ, ಡೇಟಾ ಸೆಂಟರ್ ಐಪಿ ಅಲ್ವಾ, ಟಿವಿ ಆ್ಯಪ್ ಮೊದಲ ದಿನವೇ ಬಾಗಿಲು ಹಾಕಿತು. ಬ್ಯಾಂಕ್ ಪೋರ್ಟಲ್ ಸ್ವಲ್ಪ ದಿನ ಸಹಿಸಿಕೊಂಡಿತ್ತು, ಆಮೇಲೆ ಅದೂ ಮುಗೀತು. ಎರಡು ಮೂರು ತಿಂಗಳ ಬಿಲ್ ಕಟ್ಟಿ ಬಿಟ್ಟೆವು.

ಆಗ ನಾನು ಹೇಳಿದೆ, ಮನೆಯ ಐಪಿಗಿಂತ ಒಳ್ಳೆಯ ಮನೆಯ ಐಪಿ ಎಲ್ಲಿ ಸಿಗುತ್ತೆ?

ಹೇಳಿದಷ್ಟು ಸುಲಭ ಇರಲಿಲ್ಲ. ರೂಟರ್ ಸೆಟ್ಟಿಂಗ್ ತೆರೆದು ವ್ಯಾನ್ ಐಪಿ (ನೆಟ್ ಕಂಪನಿ ಕೊಟ್ಟ ವಿಳಾಸ) ನೋಡಿದರೆ 100.7x ಅಂತ ಇತ್ತು. 100.64ರಿಂದ 100.127ರ ಒಳಗೆ ಕಂಡರೆ ಸಿಜಿನ್ಯಾಟ್, ಅಂದರೆ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಬಂದದ್ದನ್ನು ಮನೆಯ ಯಂತ್ರಕ್ಕೆ ಕಳಿಸುವುದು) ಮರೆತುಬಿಡಿ. ಹಳೇ ವಠಾರದ ಹಾಗೆ, ಬೀದಿಗೆ ಒಂದೇ ಡೋರ್ ನಂಬರ್, ಒಳಗೆ ಹತ್ತು ಸಂಸಾರ. ಹೊರಗಿಂದ ಬಂದ ಕಾಗದ ನಿಮ್ಮ ಮನೆಗೆ ಮುಟ್ಟಲ್ಲ. ಸ್ಟ್ಯಾಟಿಕ್ ಐಪಿ (ಬದಲಾಗದ, ನಮ್ಮೊಬ್ಬರದೇ ವಿಳಾಸ) ಕೊಡಿ ಅಂತ ನೆಟ್ ಕಂಪನಿಯನ್ನು ಕೇಳಿದೆ. "ಬಿಸಿನೆಸ್ ಪ್ಲಾನ್ ತಗೊಳ್ಳಿ ಸರ್" ಅಂದರು. ತಿಂಗಳ ಬಿಲ್ ಹತ್ತಿರ ಹತ್ತಿರ ಎರಡರಷ್ಟಾಗುತ್ತಿತ್ತು. ಬೇಡ ಅಂದೆ.

ಟೇಲ್‌ಸ್ಕೇಲ್ ಅನ್ನುವ ಆ್ಯಪ್ ಈ ಗಂಟು ಬಿಡಿಸಿತು. ಒಳಗೆ ಇರುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್ ತಂತ್ರವೇ. ಎರಡೂ ಕಡೆಯಿಂದ ಹೊರಕ್ಕೆ ಹೋಗಿ ನಡುವೆ ಕೈ ಕುಲುಕಿಸುವ ಕೆಲಸ ಅದು ಮಾಡುತ್ತದೆ. ಮನೆ ಬಳಕೆಗೆ ಪುಕ್ಕಟೆ. ನೇರ ಸಂಪರ್ಕ ಸಿಗದಿದ್ದರೆ ಅವರ ರಿಲೇ (ನಡುವಿನ ಸರ್ವರ್) ಮೂಲಕ ಹೋಗುತ್ತದೆ, ಬೆಂಗಳೂರಿನಲ್ಲೇ ಒಂದು ರಿಲೇ ಇದೆ. ಆದರೆ ರಿಲೇಯಲ್ಲಿ ವಿಡಿಯೋ ನೋಡಲು ಹೋಗಬೇಡಿ, ತಿರುಗುವ ಚಕ್ರ ನೋಡಿಕೊಂಡು ಕೂರಬೇಕು. ನಮ್ಮದು ತುಂಬಾ ದಿನ ರಿಲೇಯಲ್ಲೇ ಇತ್ತು. ಮಗಳ ಮನೆಯಲ್ಲೂ ಐಪಿವಿ4 (ಹಳೇ ಬಗೆಯ ವಿಳಾಸ) ಹಂಚಿಕೆಯದೇ, ಜರ್ಮನಿಯ ಹಲವು ಕನೆಕ್ಷನ್‌ಗಳು ಹಾಗೆ. ಆದರೆ ಅಲ್ಲಿ ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸ, ಐಪಿವಿ6, ಪೂರ್ತಿ ಇತ್ತು. ನಮ್ಮ ಕಡೆ ಕಂಪನಿ ಕೊಟ್ಟ ರೂಟರ್‌ನಲ್ಲಿ ಐಪಿವಿ6 ಆಫ್ ಆಗಿತ್ತು. ಆನ್ ಮಾಡಿದೆ. ಸ್ಟೇಟಸ್‌ನಲ್ಲಿ 'ಡೈರೆಕ್ಟ್' ಅಂತ ಬಂತು, ಪಿಂಗ್ (ಸಂದೇಶ ಹೋಗಿ ಬರುವ ಹೊತ್ತು) ಇನ್ನೂರು ಮಿಲಿಸೆಕೆಂಡಿನ ಮೇಲಿದ್ದದ್ದು ನೂರೈವತ್ತರ ಆಸುಪಾಸಿಗೆ ಇಳಿಯಿತು. ಆ ಒಂದು ಟಿಕ್ ಮಾರ್ಕಿಗೆ ಅಳಿಯಂದಿರು ಎರಡು ಭಾನುವಾರ ಹುಡುಕಾಡಿದ್ದರು ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಇನ್ನು ಯಂತ್ರ. ಮೊದಲು ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಇಟ್ಟಿದ್ದೆ. ಕರೆಂಟ್ ತಿನ್ನಲ್ಲ, ಸದ್ದಿಲ್ಲ, ಎಲ್ಲಾ ಸರಿ. ಜೂನ್‌ನ ಒಂದು ಗಾಳಿಮಳೆಗೆ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಎಸ್‌ಡಿ ಕಾರ್ಡ್ ಸತ್ತಿತು. ಹೊಸ ಕಾರ್ಡ್ ಹಾಕಿದೆ, ದಸರಾ ಹೊತ್ತಿಗೆ ಅದೂ ಹೋಯಿತು. ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸಿದರೆ ಪೈ ಕೂಡ ಸಾಕು, ಅದು ನಿಜ. ಆದರೆ ಅಷ್ಟೊತ್ತಿಗೆ ನನಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡ್ ಕರೆಯುತ್ತಿತ್ತು.

ಎಸ್‌ಪಿ ರೋಡಿನಲ್ಲಿ ಕಂಪನಿಗಳು ಬಿಸಾಕಿದ ಮಿನಿ ಪಿಸಿಗಳು ರಾಶಿ ಬಿದ್ದಿರುತ್ತವೆ. ಆರನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, ಏಳೂವರೆ ಸಾವಿರಕ್ಕೆ ಕೂತಿತು. ಚೌಕಾಸಿ ನಿಮಗೆ ಬಿಟ್ಟದ್ದು. ಆದರೆ ಒಂದು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಬಯೋಸ್‌ಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟಕ್ಕೆ) ಹೋಗಿ, 'ಆಫ್ಟರ್ ಪವರ್ ಲಾಸ್' ಅನ್ನುವುದನ್ನು 'ಪವರ್ ಆನ್' ಮಾಡಿ, ಸೇವ್ ಮಾಡಿ, ಯಂತ್ರ ಓಡುತ್ತಿರುವಾಗಲೇ ವೈರ್ ಕಿತ್ತುಬಿಡಿ. ಹತ್ತು ಎಣಿಸಿ ಮತ್ತೆ ಚುಚ್ಚಿ. ಬಟನ್ ಮುಟ್ಟದೆ ತಾನೇ ಎದ್ದರೆ ದುಡ್ಡು ಕೊಡಿ. ನಾನು ಕಿತ್ತಾಗ ಅಂಗಡಿ ಹುಡುಗ "ಸಾರ್ ಸಾರ್" ಅಂತ ಓಡಿ ಬಂದ. ಮೊದಲು ನೋಡಿದ ಪಿಸಿ ಏಳಲಿಲ್ಲ, ಒಳಗಿನ ಬಟನ್ ಸೆಲ್ ಸತ್ತು ಸೆಟ್ಟಿಂಗ್ ಮರೆತಿತ್ತು. ಎರಡನೆಯದು ಎದ್ದಿತು, ಅದನ್ನೇ ತಂದೆ. ಸೆಲ್ ಮಾತ್ರ ಅಲ್ಲೇ ಹೊಸದು ಹಾಕಿಸಿದೆ.

ಅಳಿಯಂದಿರ ನಿಜವಾದ ಅನುಮಾನ ಕರೆಂಟಿನದು. ಅದಕ್ಕೇ ನಾನು ಜಾಸ್ತಿ ಹೊತ್ತು ಕೊಟ್ಟದ್ದೂ ಅಲ್ಲೇ. ನಾನು ಕೆಲಸ ಮಾಡಿದ ಎಕ್ಸ್‌ಚೇಂಜ್‌ಗಳು 48 ವೋಲ್ಟ್ ಬ್ಯಾಟರಿ ಮೇಲೆ ಓಡುತ್ತಿದ್ದವು. ಊರಿಗೆ ಊರೇ ಕತ್ತಲಾದರೂ ಫೋನಿನಲ್ಲಿ ಡಯಲ್ ಟೋನ್ ಇರುತ್ತಿತ್ತು. ಮನೆಗೆ ಅದನ್ನೇ ತರಬೇಕು ಅನ್ನುವುದು ನನ್ನ ಹಟ.

ಮಿನಿ ಪಿಸಿ ಮನೆಯ ಇನ್‌ವರ್ಟರ್ ಲೈನ್ ಮೇಲಿದೆ. ಆದರೂ ಕರೆಂಟ್ ಹೋದಾಗೆಲ್ಲ ರೀಸ್ಟಾರ್ಟ್ ಆಗುತ್ತಿತ್ತು. ಇನ್‌ವರ್ಟರ್ ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತೆ ನೋಡಿ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ಹಾಕಿ ಹೋದ ಹುಡುಗ ಅದನ್ನು ನಾರ್ಮಲ್‌ನಲ್ಲೇ ಬಿಟ್ಟಿದ್ದ. ಯುಪಿಎಸ್ ಕಡೆ ತಳ್ಳಿದ ಮೇಲೆ ಪಿಸಿಗೆ ಕರೆಂಟ್ ಹೋದದ್ದು ಗೊತ್ತೇ ಆಗಲ್ಲ.

ಫೈಬರ್ ಡಬ್ಬಿ ಮುಂಬಾಗಿಲ ಹತ್ತಿರ ಇದೆ, ಅಲ್ಲಿ ಇನ್‌ವರ್ಟರ್ ಲೈನ್ ಇಲ್ಲ. ಅದಕ್ಕೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ತಂದೆ, ಒಂಬೈನೂರು ಚಿಲ್ಲರೆ. ಅರ್ಧ ಗಂಟೆ ಸರಿಯಾಗಿ ಓಡಿತು, ಆಮೇಲೆ ಡಬ್ಬಿ ತಾನೇ ಆಫ್, ಆನ್, ಆಫ್. ಮಲ್ಟಿಮೀಟರ್ ಹಿಡಿದರೆ 10ಕ್ಕೂ ಕೆಳಗೆ ಇಳಿದಿತ್ತು. ಬಿಚ್ಚಿ ನೋಡಿದೆ. ಮೂರು ಲಿಥಿಯಂ ಸೆಲ್ ಸಾಲಾಗಿ, ನೇರ ಹೊರಗೆ! ತುಂಬಿದಾಗ 12.6, ಖಾಲಿಯಾಗುವ ಹೊತ್ತಿಗೆ 9. ಕವರಿನ ಮೇಲೆ ಮಾತ್ರ 12 ವೋಲ್ಟ್ ಅಂತ ದಪ್ಪ ಅಕ್ಷರ. ವೋಲ್ಟೇಜ್ ಕಟ್ಟಿ ಹಿಡಿಯುವ ಸರ್ಕ್ಯೂಟ್ ಇರುವುದಕ್ಕೆ ಎರಡು ಸಾವಿರದ ಮೇಲೆ ಬಿತ್ತು. ಅದು ಮೂರು ಗಂಟೆ ಹತ್ತಿರ ಎಳೆಯುತ್ತದೆ. ಕೊಳ್ಳುವಾಗ ಲೋಡ್ ಹಾಕಿ ಅಳೆಯದೆ ಯಾವ ಯುಪಿಎಸ್ಸನ್ನೂ ನಂಬಬೇಡಿ.

ಇಷ್ಟಾದರೂ ಕರೆಂಟ್ ಹೋದರೆ ನೆಟ್ ಹೋಗುತ್ತಿತ್ತು. ಆಮೇಲೆ ಗೊತ್ತಾಯಿತು, ಆಗಿನ ನಮ್ಮ ಏರಿಯಾದ ಆಪರೇಟರ್ ಕಂಬದ ಮೇಲೆ ಒಂದು ಡಬ್ಬಿಯಲ್ಲಿ ನೆಟ್‌ವರ್ಕ್ ಸ್ವಿಚ್ (ಮನೆಮನೆಗೆ ನೆಟ್ ಹಂಚುವ ಸಾಧನ) ಇಟ್ಟಿದ್ದ. ಬೀದಿಯ ಕರೆಂಟ್ ಹೋದರೆ ಅದೂ ಮಲಗುತ್ತಿತ್ತು. ಜಿಪಾನ್ ಲೈನ್ ಕೊಡುವ ಬೇರೆಯವರಿಗೆ ಬದಲಾಯಿಸಿದೆ. ಅದರಲ್ಲಿ ಅವರ ಆಫೀಸಿನಿಂದ ನಮ್ಮ ಮನೆವರೆಗೆ ದಾರಿಯಲ್ಲಿ ಕರೆಂಟ್ ಬೇಡುವ ಸಾಮಾನು ಯಾವುದೂ ಇಲ್ಲ, ಬರೀ ಗಾಜಿನ ಸ್ಪ್ಲಿಟರ್. ನಿಮ್ಮ ಮನೆಯಲ್ಲಿ ಯಾವುದಿದೆ ಅಂತ ಮೊದಲು ಇದನ್ನು ನೋಡಿ, ಆಮೇಲೆ ಬೇರೆ ದುಡ್ಡು ಖರ್ಚು ಮಾಡಿ.

ಡಬ್ಬಿ ಹ್ಯಾಂಗ್ ಆಗುವುದಕ್ಕೆ ನನ್ನದೇ ಒಂದು ಮದ್ದಿದೆ. ಪಿಸಿ ಆಗಾಗ ಹೊರಗಿನ ಮೂರು ಕಡೆ ಪಿಂಗ್ ಮಾಡುತ್ತದೆ, ಮೂರೂ ಸತ್ತಿದ್ದರೆ ಒಂದು ರಿಲೇ ಸ್ವಿಚ್‌ನಿಂದ ಡಬ್ಬಿಯ ಪವರ್ ಅರ್ಧ ನಿಮಿಷ ಕಡಿಯುತ್ತದೆ. ಕಂಪನಿಯ ಕಡೆಯೇ ನೆಟ್ ಇಲ್ಲದಾಗ ಅದು ರಾತ್ರಿಯೆಲ್ಲಾ ಕಟಕಟ ಅಂತ ಆಫ್ ಆನ್ ಮಾಡುತ್ತಾ ಕೂರಬಾರದು. ಅದನ್ನು ಹೇಗೆ ತಡೆದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದರೆ ಕಾಫಿ ಜೊತೆ ತೋರಿಸುತ್ತೇನೆ.

ಒಂದು ವಿಷಯ ಮಾತ್ರ ಖಂಡಿತ ಹೇಳಬೇಕು. ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಯಂತ್ರದ ಲಾಗಿನ್ ಕೀ ಅವಧಿ ಸಾಮಾನ್ಯವಾಗಿ 180 ದಿನ. ಮನೆಯಲ್ಲಿ ಇಡುವ ಯಂತ್ರಕ್ಕೆ ಕೀ ಎಕ್ಸ್‌ಪೈರಿ ಆಫ್ ಮಾಡದಿದ್ದರೆ, ಎಲ್ಲಾ ಚೆನ್ನಾಗಿ ಓಡುತ್ತಿರುವಾಗ ಆರು ತಿಂಗಳಿಗೆ ಒಂದು ದಿನ ಸುಮ್ನೆ ನಿಲ್ಲುತ್ತದೆ. ನೀವು ಕರೆಂಟನ್ನು ಬೈಯುತ್ತಾ ಕೂತಿರುತ್ತೀರಿ.

ಮಗಳ ಮನೆಯ ಕಡೆ ಏನೂ ದೊಡ್ಡ ಕೆಲಸವಿಲ್ಲ. ಟಿವಿಗೆ ಆ್ಯಪ್ ಇದೆ, ಲ್ಯಾಪ್‌ಟಾಪ್‌ಗೆ ಇದೆ. ಇಡೀ ಮನೆಯನ್ನು ಬೆಂಗಳೂರಿನ ಮೂಲಕ ಹಾಯಿಸಬೇಡಿ, ಅಲ್ಲಿನ ಬ್ಯಾಂಕ್ ಆಗ ಇದು ಯಾರೋ ಬೆಂಗಳೂರಿನವನು ಅಂತ ಅನುಮಾನಪಡುತ್ತದೆ. ಅವರ ಡೌನ್‌ಲೋಡ್ ಅಂದರೆ ನನ್ನ ಅಪ್‌ಲೋಡ್. ನನ್ನದು ನೂರು ಎಂಬಿಪಿಎಸ್ ಪ್ಲಾನ್, ಸಂಜೆ ಅವರಿಗೆ ಮೂವತ್ತು ನಲವತ್ತು ಸಿಗುತ್ತೆ. ಎಚ್‌ಡಿ ಧಾರಾವಾಹಿಗೆ ಧಾರಾಳ. ಅಪ್‌ಡೇಟ್, ರೀಸ್ಟಾರ್ಟ್ ಎಲ್ಲಾ ನಾನು ಬೆಳಿಗ್ಗೆ ಏಳರೊಳಗೆ ಮುಗಿಸುತ್ತೇನೆ. ಚಳಿಗಾಲದಲ್ಲಿ ಅವರು ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಹೇಗಿದ್ದರೂ ಮಲಗಿರುತ್ತಾರೆ.

ಯಂತ್ರ ಸುಮ್ನೆ ಕೂತಿದೆ ಅಂದರೆ ಕೈ ಬಿಡುತ್ತಾ? ಮೊಮ್ಮಗನ ಫೋಟೋಗಳು ಸಿಂಕ್‌ಥಿಂಗ್ ಅನ್ನುವ ತಂತ್ರಾಂಶದಲ್ಲಿ ಇಲ್ಲಿಗೆ ಬಂದು ಬೀಳುತ್ತವೆ. ನೆಲದಡಿಯ ಸಂಪ್‌ಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕಿದೆ, 2024ರ ಬೇಸಿಗೆಯ ನೀರಿನ ಬರದ ಭಯ ಇನ್ನೂ ಹೋಗಿಲ್ಲ. ಅಗ್ಗದ ಸೆನ್ಸರ್‌ಗೆ ಆವಿ ಕಟ್ಟಿ, ಖಾಲಿ ಸಂಪನ್ನೂ ತುಂಬಿದೆ ಅನ್ನುತ್ತಿತ್ತು. ಅದನ್ನು ಬಿಟ್ಟೆ.

ಗೆದ್ದದ್ದು ರೇಡಿಯೋ. ಹಳೆಯ ಟಿವಿ ಡಾಂಗಲ್ ಚಿಪ್, ಆರ್‌ಟಿಎಲ್2832ಯು, ಎಫ್‌ಎಂ ಹಿಡಿಯುತ್ತದೆ. ಆಕಾಶವಾಣಿಯ ಕಾಮನಬಿಲ್ಲು 101.3ಕ್ಕೆ ಕಾಲು ತರಂಗದ ಲೆಕ್ಕದಲ್ಲಿ 74 ಸೆಂಟಿಮೀಟರ್ ತಂತಿ ಕಿಟಕಿಗೆ ಕಟ್ಟಿದೆ. ಬರೀ ಗೊರಗೊರ. ಪಿಸಿ ಅಡಾಪ್ಟರ್‌ನ ಗಲಾಟೆ ಅದು. ಉದ್ದದ ಯುಎಸ್‌ಬಿ ವೈರ್ ಹಾಕಿ ಡಾಂಗಲ್ ದೂರ ಇಟ್ಟ ಮೇಲೆ ತಿಳಿಯಾಯಿತು. ಆಕಾಶವಾಣಿ ಆ್ಯಪ್‌ನಲ್ಲೇ ಬರುತ್ತಲ್ಲಾ ಅಂತ ಅಳಿಯಂದಿರು. ಬರುತ್ತೆ. ಆದರೆ ನಾನು ಬೆಳಗಿನ ಕಾರ್ಯಕ್ರಮ ರೆಕಾರ್ಡ್ ಮಾಡಿ ಅವರ ಬೆಳಿಗ್ಗೆಗೆ ಹಾಕುತ್ತೇನೆ. ಅಲ್ಲಿನ ಅಡುಗೆಮನೆಯಲ್ಲಿ ಏಳೂವರೆಗೆ ಏಳೂವರೆಯದೇ ಕೇಳುತ್ತೆ. ಮನೆಯವರಿಗೆ ಮಾತ್ರ, ಹೊರಗೆ ಹಂಚುವಂತಿಲ್ಲ.

ಹಂಚುವ ಮಾತು ಬಂತಲ್ಲ. ಎದುರು ಮನೆಯವರ ಮಗನೂ ಲಿಂಕ್ ಕೇಳಿದ. ಕೊಡಲಿಲ್ಲ. ಕನೆಕ್ಷನ್ ನನ್ನ ಹೆಸರಲ್ಲಿದೆ, ಅದರಿಂದ ಹೊರಗೆ ಹೋದದ್ದಕ್ಕೆಲ್ಲ ನಾನೇ ಉತ್ತರ ಹೇಳಬೇಕು. ದುಬೈನಲ್ಲಿರುವ ಅಕ್ಕನ ಮಗ ವಾಟ್ಸಾಪ್ ಕರೆಗೆ ಬೇಕು ಅಂದ. ಅಲ್ಲಿ ಆ ಕರೆಗಳಿಗೆ ತಡೆ ಇದೆ, ವಿಪಿಎನ್ ಕಾನೂನೂ ಬಿಗಿ. ಅಲ್ಲಿ ಅನುಮತಿ ಇರುವ ಆ್ಯಪ್ ಹಾಕಿಕೊಳ್ಳೋ ಅಂದೆ. ಇನ್ನೊಂದು: ಐಪಿ ಬೆಂಗಳೂರಿನದಾದ ಮಾತ್ರಕ್ಕೆ ಹಳೇ ಉಳಿತಾಯ ಖಾತೆ ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ. ಹೊರದೇಶದಲ್ಲಿ ನೆಲೆಸಿದವರ ಖಾತೆ, ಎನ್‌ಆರ್‌ಒ, ಮಾಡಿಸಿ.

ಲೆಕ್ಕ ಹೇಳುತ್ತೇನೆ. ಪಿಸಿ, ಎಸ್‌ಎಸ್‌ಡಿ, ಒಳ್ಳೆಯ ಯುಪಿಎಸ್, ಚಿಲ್ಲರೆ ವೈರು ರಿಲೇ ಸೇರಿ ಹನ್ನೆರಡು ಸಾವಿರದ ಒಳಗೆ. ದಂಡವಾಗಿ ಹೋದದ್ದು ಅದರ ಹತ್ತಿರ ಹತ್ತಿರವೇ. ಪಿಸಿ ಎಳೆಯುವುದು ಹತ್ತು ವ್ಯಾಟ್, ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಗೃಹಜ್ಯೋತಿಯ ಮಿತಿ ದಾಟಿಸಿದರೆ ನೋಡಿ ಅಂತ ಹೆಂಡತಿ ಎಚ್ಚರಿಸಿದ್ದಳು, ಇದುವರೆಗೆ ದಾಟಿಲ್ಲ.

ಇಷ್ಟೆಲ್ಲಾ ಆದರೂ ಒಟಿಪಿ ಬೇರೆಯದೇ ಕಥೆ. 2023ರ ಜನವರಿಯಲ್ಲಿ ಹೊರದೇಶದ ನಂಬರಿಗೇ ಯುಪಿಐ ಬಿಟ್ಟಾಗ ಇದ್ದ 10 ದೇಶಗಳಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ಮಗಳ ಇಲ್ಲಿನ ನಂಬರ್ ಜೀವಂತ ಇರಲೇಬೇಕು. ಒಟಿಪಿ ಫಾರ್ವರ್ಡ್ ಮಾಡುವ ಆ್ಯಪ್‌ಗಳ ಹತ್ತಿರ ಹೋಗಬೇಡಿ, ವಂಚಕರು ಬಳಸುವುದೂ ಅದೇ ದಾರಿ. ಸಿಮ್ ಅವಳ ಫೋನಿನಲ್ಲೇ ಇದೆ, ನಮ್ಮ ಈ ಲೈನ್ ಮೂಲಕ ವೈಫೈ ಕಾಲಿಂಗ್ ಹಿಡಿಯುತ್ತದೆ. ಅಳಿಯಂದಿರ ಫೋನಿನಲ್ಲಿ ಹಿಡಿಯಲಿಲ್ಲ. ಯಾವ ಸೆಟ್ಟಿಂಗ್ ಅಂತ ಬರೆದರೆ ನಾಳೆ ಯಾರಾದರೂ ಮುಚ್ಚಿಸಿಯಾರು, ಇರಲಿ. ರೀಚಾರ್ಜ್ ಮಾತ್ರ ಮರೆಯಬೇಡಿ. ಪ್ರೀಪೇಯ್ಡ್ ನಂಬರ್ 90 ದಿನ ಬಳಸದೆ ಬಿಟ್ಟರೆ ಕಟ್ ಆಗಬಹುದು. ಅದು ಬೇರೆಯವರ ಕೈಗೆ ಹೋದರೆ ಬ್ಯಾಂಕಿನ ಮೆಸೇಜೂ ಅವರಿಗೇ. ನಮ್ಮ ಮನೆಯಲ್ಲಿ ಆ ತಾರೀಖು ಗೋಡೆ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಬುಕಿಂಗ್ ಪಕ್ಕದಲ್ಲೇ ಬರೆದಿದೆ, ಕೆಂಪು ಇಂಕಿನಲ್ಲಿ.