ತೋಟದ ಕೆರೆಯಲ್ಲಿ ಮೀನಿಗೆ ಬಿದಿರಿನ ಆಸರೆ

ಈಗ ಮಲೆನಾಡಿನಲ್ಲಿ ತೋಟಕ್ಕೊಂದು ಕೆರೆ ಆಗಿದೆ. ಜೆಸಿಬಿ ಬಂದು ಹೋದರೆ ಆಯ್ತು, ಹತ್ತು ಹನ್ನೆರಡು ಅಡಿ ಆಳದ ಹೊಂಡ ರೆಡಿ. ಬೇಸಿಗೆಯಲ್ಲಿ ಅಡಕೆಗೆ ನೀರಾಗುತ್ತದೆ, ಜೊತೆಗೆ ನಾಲ್ಕು ಮೀನು ಮರಿ ಬಿಟ್ಟರೆ ಲಾಭ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಆ ಹೊಂಡದ ಒಳಗೆ ಏನಿರುತ್ತದೆ? ನಾಲ್ಕು ಕಡೆ ನುಣುಪು ಮಣ್ಣಿನ ಗೋಡೆ, ತಳದಲ್ಲಿ ಜಂಬಿಟ್ಟಿಗೆ, ಅಷ್ಟೇ. ಹಳೇ ಕೆರೆಗಳಲ್ಲಿ ಕೇದಗೆ ಬೇರು, ಬಿದ್ದ ಮರದ ಕೊಂಬೆ, ಕಲ್ಲಿನ ಸಂದಿ ಎಲ್ಲ ಇರುತ್ತಿದ್ದವು. ಹೊಸ ಹೊಂಡದಲ್ಲಿ ಅದನ್ನು ನಾವೇ ಮಾಡಿಕೊಡಬೇಕು.

ನಮ್ಮದು ಹೊಸನಗರದ ಕಡೆ, ತೋಟದ ಕೆಳಗೆ ಎಂಟು ಗುಂಟೆಯ ಕೆರೆ. ಅದರಲ್ಲಿ ಬಿದಿರಿನ ಕಂಬ ನೆಟ್ಟಿದ್ದು ನೋಡಿ ಭಾವ, "ಇದೇನು, ಮೀನಿಗೋ ಮೆಣಸಿನ ಬಳ್ಳಿಗೋ?" ಅಂತ ಕೇಳಿದ್ರು. ಈಗ ಅವರ ಕೆರೆಯಲ್ಲೂ ಕಂಬ ನಿಂತಿವೆ.

ಮೀನಿಗೆ ಅಡಗಲು ಜಾಗ ಬೇಕು ಅಂತ ಇದನ್ನು ಮಾಡ್ತೀವಿ ಅಂದುಕೊಳ್ಳುವವರೇ ಜಾಸ್ತಿ. ಅದು ಅರ್ಧ ಮಾತು. ನಾವು ಸಾಕುವುದು ಕಾಟ್ಲಾ, ರೋಹು, ಮೃಗಾಲ್. ಇವಕ್ಕೆ ಮರೆಗಿಂತ ಮೇವು ಮುಖ್ಯ. ನೀರಲ್ಲಿ ನೆಟ್ಟ ಬಿದಿರನ್ನು ಎರಡು ಮೂರು ವಾರ ಬಿಟ್ಟು ಮೇಲೆತ್ತಿ ನೋಡಿ. ಬೆರಳು ಜಾರುವಷ್ಟು ಲೋಳೆ ಕಟ್ಟಿರುತ್ತದೆ. ಬಣ್ಣ ಹಸಿರೂ ಅಲ್ಲ, ಕಂದೂ ಅಲ್ಲ. ಉಗುರಿನಲ್ಲಿ ಕೆರೆದು ಬಿಳಿ ತಟ್ಟೆಗೆ ಹಾಕಿ ಸ್ವಲ್ಪ ನೀರು ಬಿಟ್ಟರೆ ಅದರಲ್ಲಿ ಸಣ್ಣ ಸಣ್ಣ ಹುಳ ಮಿಸುಕುವುದು ಕಾಣುತ್ತದೆ. ಪಾಚಿ, ಹುಳ, ಕೊಳೆತ ಚೂರು ಎಲ್ಲ ಸೇರಿದ ಈ ಲೋಳೆಯೇ ರೋಹುವಿಗೆ ಊಟ. ಅದರ ಕೆಳತುಟಿ ಅಂಚಿನಲ್ಲಿ ಜಾಲರಿ ಜಾಲರಿಯಾಗಿ ಇರುತ್ತದೆ, ಕೆರೆದು ತಿನ್ನಲು ಹೇಳಿ ಮಾಡಿಸಿದ ಹಾಗೆ. ಮೀನು ಬಲಿತ ಕೆರೆಯಲ್ಲಿ ಕಂಬ ಎತ್ತಿದರೆ ಅಲ್ಲಲ್ಲಿ ಕೆರೆದ ಗುರುತು, ಲೋಳೆ ಹೋಗಿ ಬಿದಿರಿನ ಸಿಪ್ಪೆ ಕಾಣುವ ಪಟ್ಟಿಗಳು ಇರುತ್ತವೆ. ಆ ಗುರುತು ಕಂಡರೆ ಕಂಬ ಕೆಲಸ ಮಾಡ್ತಿದೆ ಅಂತ ಲೆಕ್ಕ. ಬಾಂಗ್ಲಾದೇಶದಲ್ಲಿ ಹೀಗೆ ಬಿದಿರು ನೆಟ್ಟು ರೋಹು ಸಾಕುವ ಪ್ರಯೋಗಗಳು ನಡೆದಿವೆ, ಇಳುವರಿ ಏರಿದೆ.

ಕಾಟ್ಲಾಕ್ಕೆ ಇದರಿಂದ ಅಂಥ ಉಪಯೋಗ ಇಲ್ಲ. ಅದರ ಬಾಯಿ ಮೇಲ್ಮುಖ, ಮೇಲಿನ ನೀರಲ್ಲಿ ತೇಲುವ ಸೂಕ್ಷ್ಮಜೀವಿ ತಿನ್ನುತ್ತದೆ. ಮೃಗಾಲ್ ತಳ ಕೆದಕುವ ಮೀನು. ಹಾಗಾಗಿ ಕಂಬ ನೆಡುವವರು ಮರಿ ತರುವಾಗಲೇ ರೋಹು ಜಾಸ್ತಿ ಹಾಕಬೇಕು. ಎಕರೆಗೆ 2,000 ಮರಿ ಅಂತ ಹಿಡಿದರೆ ಎಂಟು ಗುಂಟೆಗೆ 400 ಆಯ್ತು. ನಾನು ಬಿ.ಆರ್. ಪ್ರಾಜೆಕ್ಟಿನ (ಭದ್ರಾ ಅಣೆಕಟ್ಟೆಯ ಊರು) ಸರ್ಕಾರಿ ಮರಿ ಕೇಂದ್ರದಿಂದ 200 ರೋಹು, 120 ಕಾಟ್ಲಾ, ಉಳಿದದ್ದು ಮೃಗಾಲ್ ತರುತ್ತೇನೆ. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ನನಗೆ ಬೇಡ. ಅದು ದಡ ಅಗೆದು ನೀರು ರಾಡಿ ಮಾಡುತ್ತದೆ. ನೀರು ರಾಡಿಯಾದರೆ ಬಿಸಿಲು ಒಳಗೆ ಇಳಿಯುವುದಿಲ್ಲ, ಬಿಸಿಲಿಲ್ಲದೆ ಲೋಳೆ ಕಟ್ಟುವುದಿಲ್ಲ.

ಕಂಬ ಮಾಡುವುದು

ಬಿದಿರು ತೋಟದ ಅಂಚಿನದೇ ಆಗಲಿ, ಕಾಡಿಗೆ ಹೋಗಿ ಕಡಿಯುವ ಉಸಾಬರಿ ಬೇಡ. ಮುಂಗೈ ದಪ್ಪದ ಗಳ ಸಾಕು. ಕಡಿದು ಕೆಲವು ವಾರ ನೆರಳಲ್ಲಿ ಒಣಗಿಸಿ. ಕುಟ್ಟೆ ಹಿಡಿಯುತ್ತದೆ ಅಂತ ಔಷಧಿ ಹಚ್ಚಲು ಹೋಗಬೇಡಿ. ನೀರೊಳಗಿನ ಬಿದಿರಿಗೆ ಕುಟ್ಟೆ ಬರುವುದಿಲ್ಲ, ಔಷಧಿಯಿಂದ ಸಾಯುವುದು ಮೀನು.

ಬಿದಿರು ಟೊಳ್ಳು, ತೇಲುತ್ತದೆ. ಎಷ್ಟು ಹೊಡೆದು ನಿಲ್ಲಿಸಿದರೂ ಮಳೆಗಾಲದಲ್ಲಿ ನೀರು ಏರಿದಾಗ ಮೆತ್ತಗಿನ ಕೆಸರಿನಿಂದ ಮೇಲೆದ್ದು ಬರುತ್ತದೆ. ಅದಕ್ಕೆ ಪ್ರತಿ ಎರಡು ಗೆಣ್ಣಿನ ನಡುವಿನ ಟೊಳ್ಳಿಗೂ ಒಂದು ತೂತು ಹೊಡೆಯಬೇಕು. ತೂತು ಮೇಲಿನ ಗೆಣ್ಣಿಗೆ ತಾಗಿದ ಹಾಗೇ ಇರಲಿ, ಬೆರಳು ಹೋಗುವಷ್ಟು ದೊಡ್ಡದಿರಲಿ. ಮಧ್ಯದಲ್ಲಿ ಹೊಡೆದರೆ ತೂತಿನ ಮೇಲಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಗಳ ಪೂರ್ತಿ ತುಂಬುವುದಿಲ್ಲ.

ಬುಡ ಚೂಪು ಮಾಡಿ ಒಂದೂವರೆ ಅಡಿ ಕೆಸರಿಗೆ ಇಳಿಸಿ. ಕಂಬದಿಂದ ಕಂಬಕ್ಕೆ ಮೂರು ಅಡಿ. ಇಡೀ ಕೆರೆಗೆ ನೆಡುವ ಕೆಲಸ ಬೇಡ, ಹತ್ತರಲ್ಲಿ ಒಂದು ಪಾಲು ಜಾಗ ಸಾಕು. ಎಂಟು ಗುಂಟೆಗೆ ನೂರರ ಹತ್ತಿರ ಕಂಬ ಬೇಕಾಗುತ್ತದೆ.

ತಳ ಜಂಬಿಟ್ಟಿಗೆ ಆದರೆ ಕಂಬ ಇಳಿಯುವುದಿಲ್ಲ. ಅಲ್ಲಿಗೆ ಬಕೆಟ್ ಉಪಾಯ. ಪೇಂಟಿನ ಹಳೇ ಬಕೆಟ್ ಚೆನ್ನಾಗಿ ಕೆರೆದು ತೊಳೆದು, ಒಳಗೆ ಎರಡು ಇಂಚಿನ ಪಿವಿಸಿ ಪೈಪಿನ ಗೇಣುದ್ದದ ನಾಲ್ಕೈದು ತುಂಡು ಓರೆಯಾಗಿ ನಿಲ್ಲಿಸಿ. ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು ಕಲಸಿ ಸುತ್ತ ತುಂಬಿ. ಪೈಪಿನ ಒಳಗೆ ಕಾಂಕ್ರೀಟು ಹೋಗದ ಹಾಗೆ ಬಾಯಿಗೆ ಹಾಳೆ ತುರುಕಿರಿ. ಗಟ್ಟಿಯಾಗುವ ಮೊದಲು ಮಧ್ಯಕ್ಕೆ ಬಗ್ಗಿಸಿದ ಕಬ್ಬಿಣದ ಸರಳೊಂದು ಹೂತಿಡಿ, ಮುಂದೆ ಹಗ್ಗ ಕಟ್ಟಲು ಬೇಕು. ಹತ್ತು ಲೀಟರ್ ಬಕೆಟ್ ತುಂಬಿದರೆ ಸುಮಾರು 24 ಕೆ.ಜಿ. ತೂಗುತ್ತದೆ, ಇಬ್ಬರು ಎತ್ತಬಹುದು. ಹೊಸ ಕಾಂಕ್ರೀಟು ಸುಣ್ಣ ಬಿಡುತ್ತದೆ. ಹಾಗಾಗಿ ನೀರು ಬದಲಿಸುತ್ತಾ ಒಂದೆರಡು ವಾರ ತೊಟ್ಟಿಯಲ್ಲಿ ನೆನೆಹಾಕಿ. ಆಮೇಲೆ ಪೈಪಿಗೆ ಹಿಡಿಸುವಷ್ಟು ದಪ್ಪದ ಗಳ ತುರುಕಿ ಬೆಣೆ ಹೊಡೆದರೆ ಆಯ್ತು.

ಟಾರ್ಪಾಲಿನ್ ಹೊದಿಸಿದ ಹೊಂಡಕ್ಕೆ ಇದ್ಯಾವುದೂ ಬೇಡ, ತೂತು ಬೀಳುತ್ತದೆ. ಈ ದಡದಿಂದ ಆ ದಡಕ್ಕೆ ನೈಲಾನ್ ಹಗ್ಗ ಎಳೆದು, ತುದಿ ನಯ ಮಾಡಿದ ಗಳಗಳನ್ನು ನೀರಿನೊಳಗೆ ಇಳಿಬಿಟ್ಟರೆ ಅದಕ್ಕೂ ಲೋಳೆ ಕಟ್ಟುತ್ತದೆ. ಗಳ ಟಾರ್ಪಾಲಿನ್‌ಗೆ ತಾಗಬಾರದು, ಅಷ್ಟೇ.

ಮರಿಗಳ ಮರೆಗೆ ಕೊಂಬೆ ಕಂತೆ ಬೇರೆ ಮಾಡಬೇಕು. ನಮ್ಮಲ್ಲಿ ಮೀನು ತಿನ್ನಲು ನೀರುಕಾಗೆ, ಮಿಂಚುಳ್ಳಿ ಬರುತ್ತವೆ, ಹೊಳೆ ಹತ್ತಿರವಿದ್ದರೆ ನೀರುನಾಯಿ. ಅಕೇಶಿಯಾ ಅಥವಾ ಸಿಲ್ವರ್ ಓಕಿನ ಒಣ ಕೊಂಬೆಯನ್ನು ಜಿಐ ತಂತಿಯಲ್ಲಿ ಬಿಗಿದು, ಬುಡಕ್ಕೆ ಜಂಬಿಟ್ಟಿಗೆ ಕಲ್ಲು ಕಟ್ಟಿ ಮುಳುಗಿಸಿ. ಒಂದೆರಡು ಕಂತೆಗೆ ಹೆಬ್ಬಿದಿರಿನ ಮುಳ್ಳು ಸೇರಿಸಿದರೆ ರಾತ್ರಿ ಬಲೆ ಬೀಸಲು ಬರುವವರಿಗೂ ಒಂದು ಪಾಠ. ಕಾರೆ ಮುಳ್ಳು ಮಾತ್ರ ಬೇಡ. ಕಾರೆಕಾಯಿ ಜಜ್ಜಿ ಹಾಕಿ ಹಳ್ಳದ ಮೀನು ಅಮಲೇರಿಸಿ ಹಿಡಿಯುತ್ತಿದ್ದದ್ದು ಹಳಬರಿಗೆಲ್ಲ ಗೊತ್ತು. ಕಂತೆ ಅತಿಯಾಗುವುದೂ ಒಳ್ಳೆಯದಲ್ಲ. ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಈಜುವ ಮೀನು) ಹಳ್ಳ ಏರುವಾಗ ಮೀನು ತಿನ್ನುವ ಕುಚ್ಚು, ಮುರುಗೋಡು ಮೀನುಗಳೂ ಕೆರೆಗೆ ನುಗ್ಗುತ್ತವೆ. ಅದೇ ಕಂತೆಯಲ್ಲಿ ಹೊಂಚು ಹಾಕಿ ನಿಮ್ಮ ಮರಿ ನುಂಗುತ್ತವೆ. ನೀರು ಬರುವ ದಾರಿಗೂ ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಹಾಕದೆ ಕಂತೆ ಇಡಬೇಡಿ.

ಎಲ್ಲಿ ಇಡಬೇಕು

ಇಡುವ ಮೊದಲು ತೆಗೆಯುವುದನ್ನು ಯೋಚಿಸಿ. ಮೀನು ಹಿಡಿಯಲು ಎಳೆಬಲೆ ಹಾಕುವ ದಿನ ಒಂದು ಕಂಬ ಉಳಿದಿದ್ದರೂ ಬಲೆ ಹರಿಯುತ್ತದೆ. ಬಲೆಯವರ ಬೈಗುಳ ಬೇರೆ. ಅದಕ್ಕೆ ಬಲೆ ಎಳೆಯುವ ದಡ ಯಾವುದು ಅಂತ ಮೊದಲೇ ಗೊತ್ತು ಮಾಡಿ, ಆ ಕಡೆ ಪೂರ್ತಿ ಖಾಲಿ ಬಿಡಿ. ಕಂಬಗಳೆಲ್ಲ ಎದುರು ದಡದ ಒಂದೇ ಪಟ್ಟಿಯಲ್ಲಿರಲಿ, ನಡುವೆ ತೆಪ್ಪ ಹೋಗುವಷ್ಟು ದಾರಿ ಇರಲಿ.

ಆಳದ ಗುಂಡಿಗೆ ಇಳಿಸಬೇಡಿ. ತಳದ ನೀರಲ್ಲಿ ಬೇಸಿಗೆಯಲ್ಲಿ ಆಮ್ಲಜನಕ ಕಮ್ಮಿ, ಮೀನು ಅಲ್ಲಿ ನಿಲ್ಲುವುದಿಲ್ಲ. ಬೆಳಕೂ ಇಲ್ಲ. ಲೋಳೆ ಚೆನ್ನಾಗಿ ಕಟ್ಟುವುದು ಮೇಲಿನ ಎರಡು ಮೂರು ಅಡಿಯಲ್ಲಿ. ಇಳಿಜಾರಿನಲ್ಲಿ ನಾಲ್ಕರಿಂದ ಏಳು ಅಡಿ ನೀರು ನಿಲ್ಲುವ ಜಾಗ ಸರಿ. ಈ ಅಳತೆ ಏಪ್ರಿಲ್ ನೀರಿನದು. ಆಗಸ್ಟಿನ ತುಂಬಿದ ಕೆರೆ ನೋಡಿ ನೆಟ್ಟರೆ ಬೇಸಿಗೆಗೆ ಅರ್ಧ ಕಂಬ ದಡದ ಮೇಲೆ ನಿಂತಿರುತ್ತವೆ. ತೋಟದ ಮಣ್ಣು ಕೊಚ್ಚಿ ಬಂದು ಬೀಳುವ ಮೂಲೆ ಬೇಡ, ಕೋಡಿ ಹತ್ತಿರವೂ ಬೇಡ. ತೇಲಿ ಬಂದ ಕಸ ಕಂಬಕ್ಕೆ ಸಿಕ್ಕಿ ಕೋಡಿ ಕಟ್ಟಿಕೊಂಡರೆ ಏರಿಯೇ ಹೋದೀತು.

ಹಾಗಾಗಿ ಕೆಲಸವೆಲ್ಲ ನೀರು ಇಳಿದಿರುವ ಏಪ್ರಿಲ್, ಮೇ ತಿಂಗಳಲ್ಲೇ. ನಮ್ಮ ಮಣ್ಣು ಹುಳಿ, ಅದೇ ಹೊತ್ತಿಗೆ ಗುಂಟೆಗೆ 2ರಿಂದ 5 ಕೆ.ಜಿ. ಕೃಷಿ ಸುಣ್ಣ ಎರಚಿ. ಜೂನ್, ಜುಲೈನಲ್ಲಿ ನೀರು ಕೆಂಪು, ಏನೂ ಬೆಳೆಯುವುದಿಲ್ಲ. ಮಳೆ ಹದಕ್ಕೆ ಬಂದು ನೀರು ತಿಳಿಯಾದ ಮೇಲೆ ಮರಿ ಬಿಡುವುದು ಒಳ್ಳೆಯದು.

ಬಕೆಟ್, ಕಂತೆ ಇಳಿಸಲು ದೋಣಿ ಬೇಕಿಲ್ಲ. ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿದರೆ ಸಾಕು, ಬಾಳೆ ದಿಂಡಿನ ತೆಪ್ಪವೂ ಆಗುತ್ತದೆ. ಎಸೆಯಬೇಡಿ, ಹಗ್ಗದಲ್ಲಿ ಮೆಲ್ಲಗೆ ಇಳಿಸಿ. ಒಬ್ಬರೇ ಯಾವತ್ತೂ ನೀರಿಗೆ ಇಳಿಯಬೇಡಿ, ಈಜು ಬಂದರೂ ಅಷ್ಟೇ. ಜೆಸಿಬಿ ದಡ ಕಡಿದಾಗಿರುತ್ತದೆ, ಒದ್ದೆಯಾದ ಕೆಂಪು ಮಣ್ಣಿನಲ್ಲಿ ಹತ್ತಲು ಕೈಗೆ ಏನೂ ಸಿಗುವುದಿಲ್ಲ. ದಡದ ಮರಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ವರ್ಷವಿಡೀ ನೀರಿಗೆ ಇಳಿಬಿಟ್ಟಿರಿ.

ಮುಳುಗಿಸಿದ ಜಾಗಕ್ಕೆ ಬಾಟಲಿ ತೇಲಿಬಿಟ್ಟು ಗುರುತು ಮಾಡಿದರೆ ಕಳ್ಳರಿಗೂ ಗುರುತಾಯ್ತಲ್ವಾ? ನಾನು ದಡದ ಗುರುತು ಇಟ್ಟುಕೊಳ್ಳುತ್ತೇನೆ. ಪಂಪ್‌ಹೌಸಿನ ಮೂಲೆ ಮತ್ತು ಹಲಸಿನ ಮರ ಒಂದೇ ಗೆರೆಗೆ ಬಂದಾಗ ಮೊದಲ ಬಕೆಟ್. ಹೀಗೆ ಎಲ್ಲವನ್ನೂ ನೋಟ್‌ಬುಕ್ಕಲ್ಲಿ ಬರೆದಿಡಿ.

ಹಾಕಬಾರದ್ದು

ಟಯರ್ ಬೇಡವೇ ಬೇಡ. ಅಮೆರಿಕದ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಮೀನಿಗೆ ಅಂತ ಸುಮಾರು 20 ಲಕ್ಷ ಟಯರ್ ಸಮುದ್ರಕ್ಕೆ ಹಾಕಿದ್ದರು. ಕಟ್ಟು ಬಿಚ್ಚಿ ಚೆಲ್ಲಾಪಿಲ್ಲಿಯಾಗಿ ಪಕ್ಕದ ಹವಳಕ್ಕೆ ಬಡಿದವು, ಆಮೇಲೆ ಎತ್ತಿ ತೆಗೆಯುವುದೇ ದೊಡ್ಡ ಕೆಲಸವಾಯ್ತು. ಹಸಿ ಸೊಪ್ಪು, ಸೋಗೆ, ಅಡಕೆ ಸಿಪ್ಪೆ ಹಾಕಿದರೆ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತವೆ. ಬೆಳಿಗ್ಗೆ ಎದ್ದಾಗ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಕಂತೆ ಕೊಳೆಯುತ್ತಿದೆಯೋ ನೋಡಿ, ಕೂಡಲೇ ಎತ್ತಿ ಹಾಕಿ.

ಇನ್ನೊಂದು ನಮ್ಮ ಕಡೆಯದೇ ತಾಪತ್ರಯ, ಮೈಲುತುತ್ತ. ಅಡಕೆಯ ಕೊಳೆ ರೋಗಕ್ಕೆ ಹೊಡೆಯಲು ಮೈಲುತುತ್ತದ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಹಳತಾಯ್ತು ಅಂತ ಕತ್ತರಿಸಿ ಮೀನಿಗೆ ಗೂಡು ಮಾಡಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಔಷಧಿ ಹೊಡೆದ ದಿನ ಡ್ರಮ್ಮು, ಪೈಪು ಕೆರೆಯಲ್ಲಿ ತೊಳೆಯದಂತೆ ಕೆಲಸದವರಿಗೆ ಹೇಳಿಡಿ.

ಬಿದಿರು ಎರಡು ಮೂರು ವರ್ಷ ಬರುತ್ತದೆ. ಮೊದಲು ಕೊಳೆಯುವುದು ನೀರು ಏರಿಳಿಯುವ ಗೆರೆಯಲ್ಲಿ. ಅಲ್ಲಿ ಕತ್ತಿಯ ತುದಿ ಸುಲಭವಾಗಿ ಇಳಿದರೆ ಆ ಬೇಸಿಗೆಗೇ ಬದಲಿಸಿ. ಬಕೆಟ್ ಹಾಗೇ ಇರುತ್ತದೆ. ಪೈಪಿನಿಂದ ಹಳೇ ಗಳ ಕಿತ್ತು ಹೊಸದು ತುರುಕಿ. ಕಿತ್ತದ್ದು ಒಣಗಿದ ಮೇಲೆ ಬಚ್ಚಲ ಒಲೆಗೆ ಆಗುತ್ತದೆ. ಒಡೆದೇ ಹಾಕಿ, ಗೆಣ್ಣಿನೊಳಗೆ ಗಾಳಿ ಉಳಿದಿದ್ದರೆ ಒಲೆಯಲ್ಲಿ ಪಟಾಕಿ ಹೊಡೆಯುತ್ತದೆ.