ಮರಗೆಲಸದ ಮೂಲೆಗೊಂದು ದೂಳು ಹಿಡಿಯುವ ವ್ಯವಸ್ಥೆ: ಮನೆಯಲ್ಲೇ ಕಟ್ಟುವುದು ಹೇಗೆ?

ಪುಣೆಯ ಫ್ಲ್ಯಾಟುಗಳಲ್ಲಿ ಮರಗೆಲಸದ ಹವ್ಯಾಸಕ್ಕೆ ಸಿಗುವ ಜಾಗವೆಂದರೆ ಅಡುಗೆಮನೆಗೆ ತಾಗಿದ ಡ್ರೈ ಬಾಲ್ಕನಿ, ಹೆಚ್ಚೆಂದರೆ ಖಾಲಿ ಬಿದ್ದ ಒಂದು ಕೋಣೆ. ಕೆಲಸ ಮುಗಿದ ಮೇಲೆ ಹೊಟ್ಟು ಗುಡಿಸಿದರೆ ಸಾಕು ಎಂದುಕೊಳ್ಳುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ಅವರಿಗಾಗಿಯೇ ಈ ಲೇಖನ.

ಪೊರಕೆಗೆ ಸಿಗುವ ಹೊಟ್ಟಿನಿಂದ ಅಂಥ ಅಪಾಯವಿಲ್ಲ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ದೂಳು ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ, ಉಸಿರಿನೊಂದಿಗೆ ಒಳಗಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ), ಪ್ಲೈವುಡ್ ಕೊಯ್ದರೆ ಅಂಟಿನ ಪುಡಿಯೂ ಜೊತೆಗಿರುತ್ತದೆ. ಆದ್ದರಿಂದ ದೂಳು ಹರಡಿದ ಮೇಲಲ್ಲ, ಹುಟ್ಟಿದ ಜಾಗದಲ್ಲೇ ಹಿಡಿಯಬೇಕು.

ಸಣ್ಣ ಜಾಗಕ್ಕೆ ವರ್ಕ್‌ಶಾಪ್ ವ್ಯಾಕ್ಯೂಮ್, ಗಾಳಿಯಿಂದ ಪುಡಿಯನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಸೈಕ್ಲೋನ್, 20 ಲೀಟರಿನ ಪೇಂಟ್ ಬಕೆಟ್ ಇಷ್ಟಿದ್ದರೆ ಆಯಿತು. ಸೈಕ್ಲೋನ್ ಕೊಳ್ಳಲು ಹಿಂದೆಮುಂದೆ ನೋಡಬೇಡಿ. ಅದರ ಪಕ್ಕದ ಬಾಯಿಂದ ನುಗ್ಗಿದ ಗಾಳಿ ಸುತ್ತು ಹೊಡೆಯುವಾಗ ಭಾರದ ಪುಡಿ ಗೋಡೆಗೆ ತಾಗಿ ಬಕೆಟ್ಟಿಗೆ ಬೀಳುತ್ತದೆ, ಗಾಳಿ ಮಾತ್ರ ನಡುವಿನ ಕೊಳವೆಯಿಂದ ಮೇಲೇರಿ ವ್ಯಾಕ್ಯೂಮ್ ಸೇರುತ್ತದೆ. ಇದಿಲ್ಲದಿದ್ದರೆ ಸ್ಯಾಂಡರಿನ (ಮರ ಉಜ್ಜುವ ಯಂತ್ರದ) ನುಣ್ಣನೆಯ ಪುಡಿ ಫಿಲ್ಟರಿಗೆ ಮೆತ್ತಿಕೊಂಡು ಸೆಳೆತ ಬೇಗ ಬಿದ್ದುಹೋಗುತ್ತದೆ.

ಪೈಪು, ಕ್ಲಾಂಪು, ಸಿಲಿಕಾನ್ ಎಲ್ಲವೂ ಪುಣೆಯ ರವಿವಾರ ಪೇಟೆಯಲ್ಲಿರುವ ಹಾರ್ಡ್‌ವೇರ್ ಅಂಗಡಿಗಳ ಬೀದಿ ಬೋಹ್ರಿ ಆಳಿಯಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ. ಉಪಕರಣಗಳ ದೂಳಿನ ಬಾಯಿಯ ಅಳತೆ ಬರೆದುಕೊಂಡು ಹೋಗಿ; ಒಂದೊಂದರದು ಒಂದೊಂದು ಅಳತೆ.

ಮೊದಲು ಮುಚ್ಚಳ. ಬಕೆಟ್ಟಿನ ತೆಳು ಮುಚ್ಚಳ ಸೆಳೆತಕ್ಕೆ ಒಳಗೆ ಬಾಗುವುದರಿಂದ ಅದರ ಮೇಲೆ 18 ಮಿ.ಮೀ. ಪ್ಲೈನ ದುಂಡು ಹಲಗೆ ಕೂರಿಸಿ, ಎರಡಕ್ಕೂ ತೂತು ಕೊರೆದು ಸೈಕ್ಲೋನನ್ನು ಬೋಲ್ಟಿನಿಂದ ಬಿಗಿಯಿರಿ. ಸುತ್ತ ಸಿಲಿಕಾನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಬಕೆಟ್ಟೂ ಸೊಟ್ಟಗಾಗದಂತೆ ಒಂದರೊಳಗೊಂದು ಎರಡು ಬಕೆಟ್ ಇಡುವುದು ಒಳ್ಳೆಯದು.

ಆಮೇಲೆ ಸೋರಿಕೆ ಪರೀಕ್ಷೆ. ಇದನ್ನು ಅವಸರದಲ್ಲಿ ಮಾಡಬೇಡಿ. ವ್ಯಾಕ್ಯೂಮ್ ಚಾಲೂ ಮಾಡಿ, ಹೋಸಿನ ಬಾಯಿಯನ್ನು ಅಂಗೈಯಿಂದ ಕ್ಷಣಕಾಲ ಮುಚ್ಚಿ. ಮೋಟರಿನ ಸದ್ದು ತಟ್ಟನೆ ಏರಬೇಕು. ಏರದಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದರ್ಥ. ಹತ್ತಿಯ ನೂಲಿನ ಎಳೆಯೊಂದನ್ನು ಒಂದೊಂದೇ ಜೋಡಣೆಯ ಹತ್ತಿರ ಹಿಡಿಯುತ್ತಾ ಬನ್ನಿ. ಬಿರುಕು ಇರುವಲ್ಲಿ ಎಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಬಕೆಟ್ಟಿಗೆ ಸೋರುವ ಗಾಳಿ ಬಿದ್ದ ಪುಡಿಯನ್ನೇ ಮತ್ತೆ ಎಬ್ಬಿಸಿ ಫಿಲ್ಟರಿಗೆ ಒಯ್ಯುವುದರಿಂದ ಸೈಕ್ಲೋನ್ ಇದ್ದೂ ಇಲ್ಲದಂತಾಗುತ್ತದೆ.

ಹೋಸು ಆದಷ್ಟು ಗಿಡ್ಡವಿರಲಿ. ಗೋಡೆಗುಂಟ ಪಿವಿಸಿ ಪೈಪು ಎಳೆಯುವುದಾದರೆ ನೇರ ಮೂಲೆಯ ಎಲ್ಬೋ ಬೇಡ, 45 ಡಿಗ್ರಿಯ ಎರಡು ಬೆಂಡ್ ಹಾಕಿ. ಸ್ಯಾಂಡರಿನ ಬಾಯಿಗೂ ಹೋಸಿಗೂ ಅಳತೆ ಕೂಡದಿದ್ದರೆ ಸೈಕಲ್ ಟ್ಯೂಬಿನ ತುಂಡು ಏರಿಸಿ ಎರಡೂ ತುದಿಗೆ ಕ್ಲಾಂಪ್ ಬಿಗಿಯಿರಿ. ಸ್ಯಾಂಡರಿನ ಅಡಿಯ ತೂತಿಗೆ ಉಜ್ಜುಕಾಗದದ ತೂತು ಸರಿಯಾಗಿ ಕೂತಿದೆಯೇ ಎಂದೂ ನೋಡಿ, ದೂಳು ಒಳಹೋಗುವ ದಾರಿ ಅದೊಂದೇ. ಟೇಬಲ್ ಸಾಗೆ ಬ್ಲೇಡಿನ ಕೆಳಗೊಂದು ಪ್ಲೈ ಪೆಟ್ಟಿಗೆ ಕಟ್ಟಿ ಹೋಸು ಸಿಕ್ಕಿಸಬಹುದು. ಹಲಗೆಯ ದಪ್ಪ ಇಳಿಸುವ ದೊಡ್ಡ ಥಿಕ್‌ನೆಸ್ ಪ್ಲೇನರಿಗೆ ಮಾತ್ರ ಈ ವ್ಯವಸ್ಥೆ ಸಾಲದು, ಅದಕ್ಕೆ 4 ಇಂಚಿನ ಹೋಸಿನ ಡಸ್ಟ್ ಕಲೆಕ್ಟರೇ ಬೇಕು.

1,400 ವಾಟಿನ ವ್ಯಾಕ್ಯೂಮನ್ನು 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಬೇಡಿ. 230 ವೋಲ್ಟಿನಲ್ಲಿ ಆ ಸಾಕೆಟ್ಟಿನ ಮಿತಿ 1,380 ವಾಟ್. 16 ಆಂಪಿಯರ್ ಸಾಕೆಟ್ಟೇ ಇರಲಿ.

ಫಿಲ್ಟರಿಗೆ ದುಡ್ಡು ಉಳಿಸಬೇಡಿ. ಮಾಮೂಲಿ ಬಟ್ಟೆಯ ಚೀಲದಿಂದ ನುಣ್ಣನೆಯ ದೂಳು ಹೊರಬಿದ್ದು ಕೋಣೆಯಲ್ಲೇ ಸುತ್ತುತ್ತದೆ. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ಹಾಕಿ. ಇಷ್ಟಾದರೂ ಸ್ಯಾಂಡಿಂಗ್ ಮಾಡುವಾಗ, ಬಕೆಟ್ ಖಾಲಿ ಮಾಡುವಾಗ ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂತಿರಲಿ.

ಬಕೆಟ್ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಮಳೆಗಾಲದಲ್ಲಿ ಪುಡಿ ತೇವ ಹೀರಿ ಗಟ್ಟಿಯಾಗುವುದರಿಂದ ವಾರಗಟ್ಟಲೆ ಬಿಡಬೇಡಿ. ಪ್ಲೈ, ಎಂಡಿಎಫ್ ಪುಡಿಯನ್ನು ಗಿಡದ ಕುಂಡಕ್ಕೆ ಸುರಿಯಬಾರದು, ಚೀಲದ ಬಾಯಿ ಕಟ್ಟಿ ಕಸದವರಿಗೆ ಕೊಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಆ ಚೀಲಕ್ಕೆ ತುರುಕಲೇಬೇಡಿ, ಮುದುಡಿಟ್ಟರೆ ತಾನಾಗಿಯೇ ಬೆಂಕಿ ಹತ್ತಬಹುದು. ಅದನ್ನು ಹೊರಗೆ ಹರವಿ ಪೂರ್ತಿ ಒಣಗಿಸಿದ ಮೇಲಷ್ಟೇ ಎಸೆಯಿರಿ.