ಹೊಟ್ಟೆಯುಬ್ಬರಕ್ಕೆ ಪಥ್ಯ ಮಾಡ್ತಿದ್ದೀರಾ? ಇದನ್ನೊಮ್ಮೆ ನೋಡಿ
ಊಟವಾದ ಗಂಟೆಯೊಳಗೆ ಹೊಟ್ಟೆ ತಮಟೆ ಥರ ಬಿಗಿಯುತ್ತದೆ ಅನ್ನುವವರಿಗೆ ನನ್ನ ಅನುಭವ. ಡಾಕ್ಟರ್ ಐಬಿಎಸ್ ಎಂದರು, ಅಂದರೆ ಹೊಟ್ಟೆನೋವು, ಉಬ್ಬರ, ಮಲದ ಏರುಪೇರು ಮರುಕಳಿಸುವ ಕರುಳಿನ ತೊಂದರೆ. ಡಯಟಿಷಿಯನ್ ಹೇಳಿದ್ದು ಲೋ ಫಾಡ್‌ಮ್ಯಾಪ್ ಪಥ್ಯ, ಅಂದರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ಹುದುಗಿ ಗ್ಯಾಸ್ ಮಾಡುವ ಸಕ್ಕರೆಯಂಥ ಅಂಶಗಳನ್ನು ಕಡಿಮೆ ಮಾಡುವ ಊಟ. ಇದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು.

ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಮಾವು, ಮುಕ್ಕಾಲುಪಾಲು ಕಾಳುಗಳು ಬಂದ್. ಆದರೆ 2ರಿಂದ 6 ವಾರ ಮಾತ್ರ! ಮೊದಲು ನಾನು ಯಾರನ್ನೂ ಕೇಳದೆ ಸುಮ್ನೆ ಮೂರು ತಿಂಗಳು ಎಲ್ಲ ಬಿಟ್ಟು ಕೂತಿದ್ದೆ. ತೂಕ ಇಳಿಯಿತು, ಕಾರಣ ಮಾತ್ರ ತಿಳಿಯಲಿಲ್ಲ.

ಅಸಲಿ ಕೆಲಸ ಇರುವುದು ಬಿಟ್ಟದ್ದನ್ನು ವಾಪಸ್ ತಿನ್ನುವುದರಲ್ಲಿ. ಒಂದು ಸಲಕ್ಕೆ ಒಂದೇ ಪದಾರ್ಥ, 3 ದಿನ, ದಿನಾ ಸ್ವಲ್ಪ ಜಾಸ್ತಿ. ನನಗೆ ಹಾಲಿನ ಮೇಲೆ ಅನುಮಾನವಿತ್ತು. ಒಂದು ಲೋಟ ಪೂರ್ತಿ ಕುಡಿದರೂ ಏನೂ ಆಗಲಿಲ್ಲ. ಸಿಕ್ಕಿಬಿದ್ದದ್ದು ಈರುಳ್ಳಿ, ಎರಡನೇ ದಿನದ ಒಗ್ಗರಣೆ ಅವಲಕ್ಕಿಯಲ್ಲೇ.

ಬೆಳ್ಳುಳ್ಳಿ ಘಮ ಬೇಕೇ ಬೇಕು ಅಂದರೆ ಇಡೀ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳು ತೆಗೆದು ಒಗ್ಗರಣೆ ಕೊಡಿ. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಫ್ರಕ್ಟಾನ್ ಎಂಬ ಸಕ್ಕರೆಯಂಥ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಸಾರಿನಲ್ಲಿ ಬೇಯಿಸಿ ಆಮೇಲೆ ಆರಿಸಿ ತೆಗೆದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಗೋಧಿ ಬಿಡುವ ಮುಂಚೆಯೇ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮಲದಲ್ಲಿ ರಕ್ತ ಕಂಡರೆ, ತಾನಾಗಿ ತೂಕ ಇಳಿಯುತ್ತಿದ್ದರೆ ಪಥ್ಯ ಪಕ್ಕಕ್ಕಿಡಿ, ಮೊದಲು ಡಾಕ್ಟರಿಗೆ ತೋರಿಸಿ.